ತಿರುವಿನಾಚೆಯ ಕರೆಗಂಟೆ ಮತ್ತು ತಮ್ಮ ‘ಅತ್ಯುತ್ತಮ’ ದರ್ಜೆ

ಮಾನ್ಯ ತಪಾಸಣಾಧಿಕಾರಿಗಳೇ,

ತಾವು ‘ಅತ್ಯುತ್ತಮ’ ಎಂಬ ದರ್ಜೆ ಕೊಟ್ಟು ಹೋಗಿರುವ ಹಿರಿಯರ ಆರೈಕೆ ನಿಲಯದಲ್ಲಿ, ನನ್ನ ಅತ್ತೆಯವರ ಹಾಸಿಗೆಯ ಪಕ್ಕದ ಕರೆಗಂಟೆಯನ್ನು ಒತ್ತಿದರೆ ಯಾರೂ ಬರುವುದಿಲ್ಲ. ತಾವು ಬರುವ ಮೊದಲೂ ಬರುತ್ತಿರಲಿಲ್ಲ, ತಾವು ಬಂದ ದಿನವೂ ಬರುತ್ತಿರಲಿಲ್ಲ, ತಾವು ಪ್ರಮಾಣಪತ್ರಕ್ಕೆ ಸಹಿ ಹಾಕಿ ಕಾರು ಹತ್ತಿದ ಮೇಲೂ ಬರುತ್ತಿಲ್ಲ. ದೂರು ಇಷ್ಟೇ. ಇಷ್ಟಕ್ಕೆ ಪತ್ರಿಕೆಯವರನ್ನು ಕಾಡಿ ಜಾಗ ಕೇಳಬೇಕಿತ್ತೇ ಎಂದು ತಮಗೆ ಅನ್ನಿಸಬಹುದು. ನಾನು ಮೊದಲು ಬರೆದದ್ದು ತಮ್ಮ ಕಚೇರಿಗೇ. ಅಲ್ಲಿಂದ ಉತ್ತರವೂ ಬಂತು. ಆ ಉತ್ತರವನ್ನು ಓದಿದ ಮೇಲೆಯೇ ಎಲ್ಲರೆದುರು ಬರೆಯುವ ಹುಮ್ಮಸ್ಸು ಹುಟ್ಟಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವವನು. ಗಾಡಿ ತಡವಾಗಿದೆ, ಪ್ರಯಾಣಿಕರಿಗೆ ಆಗಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಗಾಜಿನ ಗೂಡಿನೊಳಗೆ ಕುಳಿತು ಹೇಳುವ ದನಿ ನನ್ನದು. ಹಾಗೆ ಹೇಳುವಾಗ ನಿನಗೆ ನಿಜಕ್ಕೂ ವಿಷಾದವಾಗಿರುತ್ತದೆಯೇ ಎಂದು ಇದುವರೆಗೆ ಯಾರೂ ಕೇಳಿಲ್ಲ, ಕೇಳಿದರೆ ಕಷ್ಟ. ಆದ್ದರಿಂದ ಒಳಗೆ ಏನೂ ಇಲ್ಲದ ಸಭ್ಯ ವಾಕ್ಯವೊಂದು ಎದುರಿಗೆ ಬಂದರೆ ನಾನು ಅದನ್ನು ಪ್ಲಾಟ್‌ಫಾರ್ಮಿನ ಆ ತುದಿಯಿಂದಲೇ ಗುರುತಿಸಬಲ್ಲೆ. ಬೆಳಗಿನ ಪಾಳಿ ಮುಗಿದ ಮೇಲೆ ನಾನು ಅತ್ತೆಯವರನ್ನು ನೋಡಲು ಹೋಗುತ್ತೇನೆ. ಅವರು ನನ್ನ ಹೆಂಡತಿಯ ತಾಯಿ. ಹೆಂಡತಿ ಬೇಕರಿ ನಡೆಸುತ್ತಾಳೆ. ಜನ ಬ್ರೆಡ್ಡಿಗೆ ಬರುವ ಹೊತ್ತಿನಲ್ಲಿ ಅವಳಿಗೆ ಅಂಗಡಿ ಬಿಟ್ಟು ಏಳಲಾಗುವುದಿಲ್ಲ. ಅವಳ ಸರದಿ ರಜೆಯ ದಿನ.

ಅತ್ತೆಯವರ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ತಾವು ಅವರನ್ನು ನೋಡದೆಯೇ ಹೋದಿರಿ. ಅವರು ಊರಿನ ಈಜುಕೊಳದಲ್ಲಿ ಈಜು ಕಲಿಸುತ್ತಿದ್ದವರು. ಈ ಊರಿನಲ್ಲಿ ಇನ್ನೂ ಮುಳುಗದೆ ಉಳಿದಿರುವವರಲ್ಲಿ ಅರ್ಧ ಜನ ಅವರ ಶಿಷ್ಯರು; ಮಿಕ್ಕವರು ನನ್ನಂತೆ ನೀರಿಗೇ ಇಳಿಯದವರು. ಮದುವೆಯಾದ ಹೊಸದರಲ್ಲಿ ನನ್ನನ್ನೂ ಕೊಳಕ್ಕೆ ಇಳಿಸಿದ್ದರು. ಸ್ವಲ್ಪ ಹೊತ್ತು ದಂಡೆಯ ಮೇಲೆ ನಿಂತು ನೋಡಿ, “ಅಳಿಯಂದ್ರೇ, ನೀವು ಮೇಲೆ ಬಂದು ಟವೆಲ್ ನೋಡ್ಕೊಳ್ಳಿ” ಎಂದರು. ಅಂದಿನಿಂದ ನಮ್ಮಿಬ್ಬರ ಸಂಬಂಧ ಬಹಳ ಚೆನ್ನಾಗಿದೆ.

ಅವರನ್ನು ಯಾರೂ ತಂದು ನಿಲಯದಲ್ಲಿ ಬಿಟ್ಟದ್ದಲ್ಲ. ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಕಾಲಿನಲ್ಲಿ ಮೊದಲಿನ ಕಸುವು ಉಳಿಯಲಿಲ್ಲ. ನಮ್ಮ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ನಾವು ಬೇರೆ ಮನೆ ಹುಡುಕುವ ಮಾತೆತ್ತಿದಾಗ ಅವರೇ ಕೈ ಅಡ್ಡ ಹಿಡಿದರು. “ನನ್ನ ಕಾಲು ಸರಿ ಇಲ್ಲ ಅಂತ ನೀವು ಯಾಕೆ ಮನೆ ಬಿಡ್ತೀರಿ? ನಾನೇ ಒಂದು ಜಾಗ ನೋಡ್ಕೋತೀನಿ.” ನಾಲ್ಕಾರು ನಿಲಯಗಳನ್ನು ಗಾಲಿಕುರ್ಚಿಯಲ್ಲಿ ಕೂತೇ ಸುತ್ತಿ ನೋಡಿದರು. ಇಲ್ಲಿಗೆ ಬಂದಾಗ ಮುಂಬಾಗಿಲ ಎದುರಿನ ಗೋಡೆಯ ಮೇಲೆ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ, ತಮ್ಮ ಕಚೇರಿಯ ಹಿಂದಿನ ಪ್ರಮಾಣಪತ್ರವಿತ್ತು. ಅದರಲ್ಲಿಯೂ ‘ಅತ್ಯುತ್ತಮ’ವೇ ಇತ್ತು. ಅತ್ತೆ ಕನ್ನಡಕ ಏರಿಸಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

“ನಮ್ಮ ಕೊಳಕ್ಕೂ ಇನ್‌ಸ್ಪೆಕ್ಟರ್ ಬರ್ತಿದ್ರು,” ಎಂದರು ನನಗೆ. “ಏಣಿಯ ಒಂದೊಂದು ಮೆಟ್ಟಿಲನ್ನೂ ಅಲ್ಲಾಡಿಸಿ ನೋಡೋರು. ಒಂದು ನಟ್ಟು ಸಡಿಲ ಇದ್ರೂ ಕೊಳ ಮುಚ್ಚಿಸಿಬಿಡೋರು. ಎಷ್ಟು ಬೈಕೊಂಡಿದ್ದೀನಿ ಅವರನ್ನ! ಇವರೂ ಹಾಗೇ ನೋಡಿರ್ತಾರೆ. ಇಲ್ಲೇ ಇರ್ತೀನಿ ಬಿಡಿ.”

ನೋಡಿ ಸ್ವಾಮಿ, ಅವರು ನಂಬಿದ್ದು ನಿಲಯವನ್ನಲ್ಲ, ತಮ್ಮನ್ನು.

ಅವರಿಗೆ ಸಿಕ್ಕಿದ್ದು ಕಾರಿಡಾರಿನ ತಿರುವು ದಾಟಿದ ಮೇಲಿನ ಕೋಣೆ. ಎರಡು ಹಾಸಿಗೆ, ನಡುವೆ ಒಂದು ಕುರ್ಚಿ, ಕಿಟಕಿಯಾಚೆ ಬಟ್ಟೆ ಒಣಗಿಸುವ ತಂತಿಗಳು. ಇನ್ನೊಂದು ಹಾಸಿಗೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹೆಂಗಸೊಬ್ಬರು. ಎಲ್ಲರೂ ಅವರನ್ನು ಫೋನಮ್ಮ ಎನ್ನುತ್ತಾರೆ. ಪಾರ್ಶ್ವವಾಯು ತಾಗಿ ಅವರ ಒಂದು ಪಕ್ಕ ಸೋತಿದೆ. ಮಾತು ಸ್ಪಷ್ಟವಿದೆ, ಆದರೆ ನುಂಗುವುದು ಕಷ್ಟ. ಗಟ್ಟಿ ಪದಾರ್ಥ ಕೊಡಲೇಬಾರದು, ಎಲ್ಲವನ್ನೂ ಹಿಸುಕಿ ಮೆತ್ತಗೆ ಮಾಡಿಯೇ ತಿನ್ನಿಸಬೇಕು ಎಂದು ವೈದ್ಯರು ಹೇಳಿದ್ದರು. ಹಾಗೆಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿಯೊಂದನ್ನು ಅವರ ತಲೆಯ ಮೇಲಿನ ಗೋಡೆಗೆ ಅಂಟಿಸಲಾಗಿತ್ತು. ಯಾವ ಆಯಾ ತಟ್ಟೆ ಹಿಡಿದು ಬಂದರೂ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಆ ಚೀಟಿ.

ನಿಲಯಕ್ಕೆ ಸೇರಿದ ವಾರದಲ್ಲೇ ಅತ್ತೆಯವರಿಗೆ ಕರೆಗಂಟೆಯ ವಿಷಯ ತಿಳಿಯಿತು. ಒತ್ತಿದರು, ಕಾದರು, ಮತ್ತೆ ಒತ್ತಿದರು. ಫೋನಮ್ಮ ಪಕ್ಕದಿಂದ, “ಟೀಚರ್, ಸುಮ್ಮನೆ ಬೆರಳು ನೋಯಿಸ್ಕೋಬೇಡಿ. ಲೈನ್ ಡೆಡ್ ಆಗಿದೆ” ಎಂದರು. ನಾನು ಮೇಲ್ವಿಚಾರಕಿಯನ್ನು ಕೇಳಿದೆ. ತಿರುವಿನಾಚೆಯ ಕೋಣೆಗಳಿಗೆ ಹೋಗುವ ತಂತಿ, ಚಾವಣಿಯ ಕೆಲಸ ಮಾಡಿಸುವಾಗ ತುಂಡಾಯಿತಂತೆ; ರಿಪೇರಿಗೆ ಹೇಳಿದ್ದಾರಂತೆ. ಅಲ್ಲಿಯವರೆಗೆ ಏನು ಮಾಡುವುದು? “ಆಯಾ ಆಗಾಗ ಬಂದು ನೋಡ್ತಾಳಲ್ಲ ಸಾರ್” ಎಂದರು. ಆಯಾ ನಿಜಕ್ಕೂ ಒಳ್ಳೆಯವಳು. ಮಧ್ಯಾಹ್ನದ ಪಾಳಿಯಲ್ಲಿ ಇಡೀ ಕಾರಿಡಾರಿಗೆ ಅವಳೊಬ್ಬಳೇ. ಒಬ್ಬರಿಗೆ ಸ್ನಾನ, ಒಬ್ಬರಿಗೆ ಔಷಧಿ, ಒಬ್ಬರಿಗೆ ಬಟ್ಟೆ ಬದಲಿಸುವುದು. ‘ಆಗಾಗ’ ಎನ್ನುವ ಪದವನ್ನು ನಾವು ನಿಲ್ದಾಣದಲ್ಲಿಯೂ ಬಳಸುತ್ತೇವೆ. ಅದರ ಅರ್ಥ ನನಗೆ ಗೊತ್ತು.

ಅತ್ತೆ ದೂರು ಕೊಡುತ್ತ ಕೂರುವ ಪೈಕಿಯಲ್ಲ. “ನನ್ನ ಟ್ರಂಕಿನಲ್ಲಿ ಸೀಟಿ ಇದೆ, ತಂದುಕೊಡಿ” ಎಂದರು. ಕೊಳದ ದಂಡೆಯಲ್ಲಿ ನಿಂತು ಊದುತ್ತಿದ್ದ ಸೀಟಿ. ತಂದುಕೊಟ್ಟೆ. ಮಾರನೆಯ ದಿನದಿಂದ ನಿಲಯದಲ್ಲಿ ಹೊಸ ಆಡಳಿತ ಶುರುವಾಯಿತು. ಚಿಕ್ಕದೊಂದು ಸೀಟಿ ಎಂದರೆ ನೀರು ಬೇಕು. ಉದ್ದನೆಯದು ಎಂದರೆ ಬಾತ್‌ರೂಮಿಗೆ ಹೋಗಬೇಕು. ಬಿಟ್ಟುಬಿಟ್ಟು ಊದಿದರೆ ಅಪಾಯ, ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬಾ. ಆಯಾಗೆ ಎಲ್ಲ ಪಾಠವಾಯಿತು. “ಇದೇ ವಾಸಿ ಸಾರ್, ಯಾರಿಗೆ ಏನು ಬೇಕು ಅಂತ ಅಲ್ಲಿಂದಲೇ ಗೊತ್ತಾಗುತ್ತೆ” ಎಂದಳು. ಅಕ್ಕಪಕ್ಕದ ಕೋಣೆಯವರೂ ತಮಗೇನಾದರೂ ಬೇಕಾದಾಗ ಅತ್ತೆಗೆ ಕೂಗಿ ಹೇಳಿ ಸೀಟಿ ಊದಿಸತೊಡಗಿದರು. ಎದುರು ಕೋಣೆಯಲ್ಲಿ ನಿವೃತ್ತ ಬಸ್ ಚಾಲಕರೊಬ್ಬರಿದ್ದಾರೆ, ಪ್ರತಿ ಸೀಟಿಗೂ ಅವರು ಕೂತಲ್ಲಿಂದಲೇ, “ಎಲ್ಲಾ ಹತ್ತಿದ್ರಾ? ಹೊರಡೋಣ್ವಾ?” ಎಂದು ಕೇಳುತ್ತಿದ್ದರು. ತಮಾಷೆಗೆ ಕೇಳುತ್ತಿದ್ದರೋ ನಿಜಕ್ಕೂ ಕೇಳುತ್ತಿದ್ದರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆಗ ತಾವು ಬರುವ ಸುದ್ದಿ ಬಂತು.

ತಪಾಸಣೆ ಎನ್ನುವ ಪದಕ್ಕೆ ನನ್ನ ತಿಳುವಳಿಕೆಯಲ್ಲಿ ಸ್ವಲ್ಪ ಹಠಾತ್ತನೆ ಬರುವುದು ಎಂಬ ಅರ್ಥವಿತ್ತು. ನಮ್ಮ ಟಿಕೆಟ್ ತಪಾಸಣೆಯವರು ಮುಂದಿನ ವಾರ ಬರುತ್ತೇವೆ, ದಯವಿಟ್ಟು ಟಿಕೆಟ್ ಕೊಂಡಿಟ್ಟುಕೊಳ್ಳಿ ಎಂದು ಪ್ರಯಾಣಿಕರಿಗೆ ಕಾಗದ ಬರೆಯುವುದಿಲ್ಲ. ತಮ್ಮ ಸೌಜನ್ಯ ದೊಡ್ಡದು, ಮೊದಲೇ ತಿಳಿಸಿದಿರಿ. ನಿಲಯದಲ್ಲಿ ಮದುವೆ ಮನೆಯ ಗಡಿಬಿಡಿ ಶುರುವಾಯಿತು. ಗೋಡೆಗಳಿಗೆ ಬಣ್ಣ ಬಂತು. ಬಾತ್‌ರೂಮಿನಲ್ಲಿ ಜಾರದ ಮ್ಯಾಟುಗಳು ಬಂದವು. ತುರ್ತು ಬಾಗಿಲಿಗೆ ಅಡ್ಡಲಾಗಿ ಪೇರಿಸಿಟ್ಟಿದ್ದ ಮುರುಕು ಕುರ್ಚಿಗಳು ಎಲ್ಲಿಗೋ ಯಾತ್ರೆ ಹೊರಟವು. ಬಣ್ಣ ಬಳಿಯುವಾಗ ಗೋಡೆಯ ಮೇಲಿದ್ದ ಚೀಟಿಗಳನ್ನೆಲ್ಲ ಕಿತ್ತರು, ಫೋನಮ್ಮನವರ ತಲೆಯ ಮೇಲಿದ್ದದ್ದನ್ನೂ. ಹೊಸ ಬಣ್ಣದ ಮೇಲೆ ಏನನ್ನೂ ಅಂಟಿಸಬಾರದೆಂದು ಅಪ್ಪಣೆಯಾಯಿತು. ಮತ್ತೆ, ತಾವು ಬರುವ ಹಿಂದಿನ ದಿನ, ಮೇಲ್ವಿಚಾರಕಿ ಅತ್ತೆಯವರ ಬಳಿ ಬಂದು ಮೆಲ್ಲಗೆ ಕೇಳಿದರು.

“ಅಮ್ಮಾ, ಆ ಸೀಟಿ ಸ್ವಲ್ಪ ಕೊಡ್ತೀರಾ? ಸಾಹೇಬ್ರು ಬರೋವಾಗ ಸದ್ದಾದ್ರೆ ಚೆನ್ನಾಗಿರಲ್ಲ. ನನ್ನ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿರ್ತೀನಿ.”

“ಯಾಕಮ್ಮ, ಬೆಲ್ ರಿಪೇರಿ ಆಯ್ತಾ?”

“ಆಗುತ್ತೆ ಅಮ್ಮಾ.”

“ಆದಮೇಲೆ ಕೊಡ್ತೀನಿ.”

ಮೇಲ್ವಿಚಾರಕಿ ಅಲ್ಲೇ ನಿಂತರು. ಅವರ ಮುಖ ನೋಡಿ ಅತ್ತೆಗೆ ಪಾಪ ಎನ್ನಿಸಿತಂತೆ. ಕೊರಳಿನಿಂದ ತೆಗೆದು ಕೊಟ್ಟುಬಿಟ್ಟರು.

ತಾವು ಬಂದ ದಿನ ನಾನೂ ಇದ್ದೆ. ಮನೆಯವರು ಒಬ್ಬಿಬ್ಬರು ಬಂದರೆ ಶೋಭೆ ಎಂದು ನಮಗೆ ಹೇಳಿಕಳಿಸಿದ್ದರು. ಕಾರಿಡಾರಿನ ತುಂಬ ಆಯಾಗಳು, ಎಲ್ಲರಿಗೂ ಇಸ್ತ್ರಿ ಮಾಡಿದ ಸಮವಸ್ತ್ರ. ಅತ್ತೆ ಅವರಲ್ಲೊಬ್ಬಳನ್ನು ಕರೆದು, “ನಿನ್ನನ್ನ ನೋಡಿದ ನೆನಪಿಲ್ಲವಲ್ಲಮ್ಮ, ಹೊಸಬಳಾ?” ಎಂದು ಕೇಳಿದರು. “ನಾನು ಇವತ್ತಿಗೆ ಮಾತ್ರ ಅಜ್ಜಿ” ಎಂದಳು ಆ ಹುಡುಗಿ, ಕಪಟವಿಲ್ಲದೆ. ತಾವು ಮೊದಲ ಕೋಣೆಗೆ ಹೋದಿರಿ. ಅಲ್ಲಿದ್ದ ವೃದ್ಧರನ್ನು, ಮೇಲ್ವಿಚಾರಕಿಯೂ ಮಾಲೀಕರೂ ಎರಡು ಪಕ್ಕದಲ್ಲಿ ನಿಂತಿರುವಾಗ, “ಚೆನ್ನಾಗಿ ನೋಡ್ಕೋತಾರಾ?” ಎಂದು ಕೇಳಿದಿರಿ. ಅವರು ಎರಡು ಪಕ್ಕಕ್ಕೂ ನೋಡಿ “ಹೂಂ” ಎಂದರು. ತಾವು ಕರೆಗಂಟೆಯನ್ನು ಒತ್ತಿದಿರಿ. ಮೂವರು ಆಯಾಗಳು ಒಬ್ಬರ ಮೇಲೊಬ್ಬರು ಬೀಳುವಂತೆ ಓಡಿ ಬಂದರು. ತಮಗೆ ಬಹಳ ಸಂತೋಷವಾಯಿತು. ನನಗೂ ಆಯಿತು, ಕರೆಗಂಟೆ ಎಂದರೆ ಹೇಗಿರಬೇಕೆಂದು ಅವತ್ತೇ ನೋಡಿದ್ದು.

ತಿರುವಿನ ತನಕ ಬಂದು ತಾವು ನಿಂತಿರಿ. ನಾನು ಹಿಂದಿನಿಂದ, “ಸಾರ್, ಆ ಕಡೆ ಇನ್ನೂ ಕೋಣೆಗಳಿವೆ” ಎಂದೆ. ತಾವು ನನ್ನತ್ತ ತಿರುಗಿ, ಬಹಳ ಪ್ರೀತಿಯಿಂದ ನಕ್ಕು, “ಎಲ್ಲಾ ಒಂದೇ ಥರ ಅಲ್ವಾ?” ಎಂದು ಕೇಳಿದಿರಿ. ಮಾಲೀಕರು “ಒಂದೇ ಥರ ಸಾರ್, ಒಂದೇ ಥರ” ಎಂದರು. ನಾನು “ಅಲ್ಲ ಸಾರ್” ಎಂದದ್ದು ತಮಗೆ ಕೇಳಿಸಿತೋ ಇಲ್ಲವೋ. ಊರಿಗೆಲ್ಲ ಕೇಳಿಸುವಂತೆ ಮಾತಾಡಿ ಸಂಬಳ ತೆಗೆದುಕೊಳ್ಳುವವನು ನಾನು. ಅಷ್ಟು ಹತ್ತಿರದಲ್ಲಿ ನಿಂತವರಿಗೆ ಕೇಳಿಸದಿದ್ದರೆ ನನ್ನ ನೌಕರಿಗೇ ಸಂಚಕಾರ.

ತಾವು ಹೋದಿರಿ. ಇವತ್ತಿಗೆ ಮಾತ್ರ ಬಂದವರೂ ಹೋದರು. ಹೊಸ ಪ್ರಮಾಣಪತ್ರ ಹಳೆಯ ಚೌಕಟ್ಟಿನೊಳಗೆ ಬಂದು ಕೂತಿತು. ಮ್ಯಾಟುಗಳು ಉಳಿದವು, ಅದಕ್ಕೆ ಕೃತಜ್ಞತೆಗಳು. ಸೀಟಿ ಬೀರುವಿನಲ್ಲೇ ಇತ್ತು. ಚೀಟಿ ಎಲ್ಲಿತ್ತೋ ದೇವರಿಗೇ ಗೊತ್ತು.

ಅದಾಗಿ ಕೆಲವು ದಿನಕ್ಕೆ ನಡೆದದ್ದನ್ನು ತಾವು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರಿಕೆ.

ಅವತ್ತು ಯಾವಾಗಲೂ ಇರುವ ಆಯಾಗೆ ರಜೆ. ಬದಲಿಗೆ ಬಂದವಳಿಗೆ ಯಾರು ಏನು ತಿನ್ನುತ್ತಾರೆಂದು ಯಾರೂ ಹೇಳಿರಲಿಲ್ಲ, ಗೋಡೆಯೂ ಹೇಳಲಿಲ್ಲ. ಮಧ್ಯಾಹ್ನದ ನಿದ್ದೆಯ ನಂತರ ಎಲ್ಲರಿಗೂ ಹಣ್ಣು ಕೊಡುವುದು ರೂಢಿ. ಅವಳು ಎರಡು ಹಾಸಿಗೆಗೂ ಒಂದೊಂದು ತಟ್ಟೆ ಸೇಬಿನ ಹೋಳು ಇಟ್ಟು, ಇನ್ನೊಬ್ಬರಿಗೆ ಸ್ನಾನ ಮಾಡಿಸಲು ಆ ತುದಿಗೆ ಹೋದಳು. ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದ್ದರು. ಫೋನಮ್ಮನಿಗೆ ಸೇಬೆಂದರೆ ಆಸೆ. ಎಷ್ಟು ದಿನವಾಗಿತ್ತೋ ಹೋಳು ನೋಡಿ. ಒಂದನ್ನು ಬಾಯಿಗೆ ಹಾಕಿಕೊಂಡರು.

ಅತ್ತೆಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ. ಫೋನಮ್ಮ ಯಾವಾಗಲೂ ಏನಾದರೊಂದು ಗುನುಗುತ್ತಿರುತ್ತಾರೆ. ಅದು ಅರ್ಧದಲ್ಲಿ ನಿಂತಿತು. ತಿರುಗಿ ನೋಡಿದರೆ ಅವರು ಒಳ್ಳೆಯ ಕೈಯಿಂದ ಗಂಟಲನ್ನು ಹಿಡಿದುಕೊಂಡಿದ್ದಾರೆ, ಬಾಯಿ ತೆರೆದಿದೆ, ಕೆಮ್ಮೂ ಬರುತ್ತಿಲ್ಲ, ತುಟಿಯ ಬಣ್ಣ ಬದಲಾಗುತ್ತಿದೆ. ಉಸಿರು ಸಿಕ್ಕಿಹಾಕಿಕೊಂಡವರ ಮುಖ ಹೇಗಿರುತ್ತದೆಂದು ಅತ್ತೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಭ್ಯಾಸಬಲದಿಂದ ಕೈ ಕೊರಳಿಗೆ ಹೋಯಿತು. ಅಲ್ಲಿ ಸೀಟಿ ಇಲ್ಲ. ಕರೆಗಂಟೆ ಒತ್ತಿದರು, ಕೆಲಸ ಮಾಡುವುದಿಲ್ಲವೆಂದು ಗೊತ್ತಿದ್ದೂ ಒತ್ತಿದರು. ಬಹುಶಃ ತಮ್ಮ ಪ್ರಮಾಣಪತ್ರದ ಮೇಲೆ ಒಂದಿಷ್ಟು ನಂಬಿಕೆ ಇನ್ನೂ ಉಳಿದಿತ್ತು.

ಆಮೇಲೆ ಅವರು ಹಾಸಿಗೆಯಿಂದ ಇಳಿದರು. ಯಾರದಾದರೂ ತೋಳು ಹಿಡಿಯದೆ ನಿಲ್ಲಬಾರದು ಎಂದು ಕಟ್ಟಪ್ಪಣೆಯಾಗಿದ್ದ ಹೆಂಗಸು, ನಡುವಿನ ಕುರ್ಚಿಯ ಬೆನ್ನು ಹಿಡಿದು, ಎಳೆದುಕೊಂಡು, ಆ ಹಾಸಿಗೆಯನ್ನು ಮುಟ್ಟಿದರು. ಫೋನಮ್ಮನನ್ನು ಮುಂದಕ್ಕೆ ಬಾಗಿಸಿ, ಒಂದು ಕೈಯಲ್ಲಿ ಎದೆಗೆ ಆಸರೆ ಕೊಟ್ಟು, ಇನ್ನೊಂದು ಅಂಗೈಯಿಂದ ಬೆನ್ನಿನ ನಡುವೆ ಹೊಡೆದರು. ಮತ್ತೆ ಹೊಡೆದರು. ಹೊಡೆಯುತ್ತಲೇ, ತಮ್ಮ ಜೀವಮಾನವೆಲ್ಲ ಕೊಳದ ದಂಡೆಯಿಂದ ಕೂಗುತ್ತಿದ್ದ ಒಂದೇ ಕೂಗನ್ನು ಕೂಗಿದರು:

“ಎಲ್ಲಾ ಮೇಲೆ ಬನ್ನಿ! ಎಲ್ಲಾ ಮೇಲೆ!”

ಆ ಹೊತ್ತಿಗೆ ನಾನು ಎಲ್ಲಿದ್ದೆ? ಮುಂಬಾಗಿಲ ಬಳಿ, ತಮ್ಮ ಪ್ರಮಾಣಪತ್ರದ ಕೆಳಗಿನ ಬೆಂಚಿನ ಮೇಲೆ. ಭೇಟಿಯ ಹೊತ್ತು ಇನ್ನೂ ಆಗಿರಲಿಲ್ಲ. ಕೂಗು ಕೇಳಿಸಿ ಎದ್ದು ನಿಂತೆ. ಸ್ವಾಗತದ ಮೇಜಿನ ಹುಡುಗಿ, “ಅದೇನಿಲ್ಲ ಸಾರ್, ಆ ಕಡೆ ಕೆಲವರು ಹೀಗೇ ಕೂಗ್ತಿರ್ತಾರೆ. ವಯಸ್ಸಾಗಿದೆ ನೋಡಿ” ಎಂದಳು. ಮದುವೆಯಾದ ಹೊಸದರಲ್ಲಿ ಅದೇ ಕೂಗಿಗೆ ಕೊಳದಿಂದ ಮಕ್ಕಳೆಲ್ಲ ಕಪ್ಪೆಗಳಂತೆ ದಂಡೆಗೆ ನೆಗೆಯುವುದನ್ನು ಕಂಡಿದ್ದೆ. ಅತ್ತೆ ಅದನ್ನು ಸುಮ್ಮಸುಮ್ಮನೆ ಕೂಗುವವರಲ್ಲ. ನಾನು ಓಡಿದೆ.

ಹೋಗಿ ನೋಡಿದಾಗ ಸೇಬಿನ ಹೋಳು ಹೊದಿಕೆಯ ಮೇಲೆ ಬಿದ್ದಿತ್ತು. ಫೋನಮ್ಮ ದೊಡ್ಡ ದೊಡ್ಡ ಉಸಿರು ಎಳೆದುಕೊಳ್ಳುತ್ತ, ಅಳುತ್ತ ಕೂತಿದ್ದರು. ಅತ್ತೆ ನೆಲದ ಮೇಲಿದ್ದರು. ಹೋಳು ಹೊರಗೆ ಬಂದ ಮೇಲೆ ಕಾಲು ಕೈಕೊಟ್ಟಿತಂತೆ. ಬೀಳುವಾಗ ಊರಿದ ಮಣಿಕಟ್ಟು ಮುರಿದಿತ್ತು, ಆಗಲೇ ಊದಿಕೊಂಡಿತ್ತು. ಬೆನ್ನನ್ನು ಮಂಚಕ್ಕೆ ಒರಗಿಸಿ, ಇನ್ನೊಂದು ಕೈಯಲ್ಲಿ ಫೋನಮ್ಮನ ಪಾದವನ್ನು ಹಿಡಿದುಕೊಂಡಿದ್ದರು.

“ಬಂದ್ರಾ ಅಳಿಯಂದ್ರೇ?” ಎಂದರು. “ಅವಳಿಗೆ ಈಗಲೇ ನೀರು ಕುಡಿಸಬೇಡಿ. ಸ್ವಲ್ಪ ಹಾಗೇ ಕೂತಿರಲಿ. ಡಾಕ್ಟರನ್ನ ಕರೀರಿ.”

“ನಿಮ್ಮ ಕೈ?”

“ಕೈ ಎಲ್ಲೂ ಹೋಗಲ್ಲ. ಮೊದಲು ಡಾಕ್ಟರ್.”

ಬದಲಿ ಆಯಾ ಒದ್ದೆ ಕೈಯಲ್ಲೇ ಓಡಿ ಬಂದಳು. ವಿಷಯ ತಿಳಿದು ಬಾಗಿಲ ಬಳಿಯೇ ಕುಸಿದು ಅಳತೊಡಗಿದಳು. ನೆಲದ ಮೇಲೆ ಕೂತಿದ್ದ ಅತ್ತೆ ಅವಳಿಗೇ ಸಮಾಧಾನ ಹೇಳಬೇಕಾಯಿತು. ಎದುರು ಕೋಣೆಯ ಚಾಲಕರು ತಮ್ಮ ಊರುಗೋಲಿನೊಂದಿಗೆ ಬಾಗಿಲಿಗೆ ಬಂದು ನಿಂತಿದ್ದರು. ಅವತ್ತು ಅವರು ಹೊರಡುವ ಮಾತು ಆಡಲಿಲ್ಲ.

ನಿಲಯದವರು ತಮ್ಮ ಕಚೇರಿಗೆ ಕಳಿಸಿದ ವರದಿಯಲ್ಲಿ ಈ ಘಟನೆ ಹೀಗಿದೆ: “ನಿವಾಸಿಯೊಬ್ಬರು ಸಿಬ್ಬಂದಿಯ ಅನುಮತಿಯಿಲ್ಲದೆ ಹಾಸಿಗೆಯಿಂದ ಇಳಿದ ಕಾರಣ ಜಾರಿ ಬಿದ್ದು ಗಾಯಗೊಂಡಿರುತ್ತಾರೆ.” ಎಷ್ಟು ಚೆಂದದ ವಾಕ್ಯ! ಸುಳ್ಳೆಂದು ಹೇಳುವಂತಿಲ್ಲ. ಅನುಮತಿ ಇರಲಿಲ್ಲ, ನಿಜ. ಅನುಮತಿ ಕೇಳಲು ಒತ್ತಬೇಕಾದ ಗಂಟೆ ಕೆಲಸ ಮಾಡುತ್ತಿರಲಿಲ್ಲ ಎಂಬುದಷ್ಟೇ ಬಿಟ್ಟುಹೋಗಿದೆ. ಫೋನಮ್ಮ ಎಂಬ ಜೀವವೂ ಬಿಟ್ಟುಹೋಗಿದೆ. ನಾನು ನಡೆದದ್ದನ್ನೆಲ್ಲ ವಿವರವಾಗಿ ತಮಗೆ ಬರೆದೆ. ಉತ್ತರ ಬಂತು: “ತಮ್ಮ ಅಹವಾಲನ್ನು ಪರಿಶೀಲಿಸಲಾಗಿದೆ. ಇತ್ತೀಚಿನ ತಪಾಸಣೆಯಲ್ಲಿ ಸದರಿ ನಿಲಯದ ಕರೆಗಂಟೆಗಳು ಸುಸ್ಥಿತಿಯಲ್ಲಿ ಇರುವುದು ಕಂಡುಬಂದಿರುತ್ತದೆ. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.” ಅದನ್ನು ನಾನು ನಿಲ್ದಾಣದ ಮೈಕಿನಲ್ಲಿ ಓದಿದ್ದರೆ ಜನ ಯಾವ ಗಾಡಿ ತಡವೆಂದು ಕೇಳುತ್ತಿದ್ದರು.

ಸ್ವಾಮಿ, ‘ಕಂಡುಬಂದಿರುತ್ತದೆ’ ಎಂದರೆ ಯಾರಿಗೆ ಕಂಡುಬಂತು? ತಿರುವಿನ ಈಚೆ ನಿಂತವರಿಗೆ ಆಚೆಯದು ಕಂಡುಬರುವುದು ಹೇಗೆ? ಒಂದು ಕೋಣೆಯಲ್ಲಿ ಗಂಟೆ ಬಾರಿಸಿದರೆ ಎಲ್ಲ ಕೋಣೆಗಳಲ್ಲೂ ಬಾರಿಸಿದಂತೆ ಎಂದು ತಾವು ನಂಬುವುದಾದರೆ, ಒಬ್ಬ ರೋಗಿಗೆ ಮಾತ್ರೆ ಕೊಟ್ಟು ಎಲ್ಲರಿಗೂ ವಾಸಿಯಾಯಿತು ಎನ್ನಬಹುದಲ್ಲವೇ? ತಾವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ತಮ್ಮ ನಗು ನಿಜಕ್ಕೂ ಚೆನ್ನಾಗಿತ್ತು. ಆದರೆ ತಮ್ಮ ಭೇಟಿಗಾಗಿ ಗೋಡೆಗೆ ಬಣ್ಣ ಬಂದು ಒಂದು ಚೀಟಿ ಹೋಯಿತು. ತಮ್ಮ ಕಿವಿಗೆ ಕಿರಿಕಿರಿಯಾಗದಿರಲೆಂದು ಒಂದು ಸೀಟಿ ಬೀರು ಸೇರಿತು. ತಾವು ಬಾರದೇ ಇದ್ದಿದ್ದರೆ ಚೀಟಿ ಗೋಡೆಯ ಮೇಲಿರುತ್ತಿತ್ತು, ಸೀಟಿ ಕೊರಳಿನಲ್ಲಿರುತ್ತಿತ್ತು, ಅತ್ತೆಯವರ ಮಣಿಕಟ್ಟು ಸರಿಯಾಗಿರುತ್ತಿತ್ತು. ಹಿರಿಯರ ಸುರಕ್ಷತೆಯನ್ನು ನೋಡಲು ಬಂದವರ ದೆಸೆಯಿಂದಲೇ ಹಿರಿಯರೊಬ್ಬರ ಉಸಿರು ನಿಲ್ಲುವಂತಾದದ್ದು ಬೇರೆ ಯಾವ ಇಲಾಖೆಯಲ್ಲಾದರೂ ಆಗಿದೆಯೇ?

ನನಗೆ ಮೇಲ್ವಿಚಾರಕಿಯ ಮೇಲೆ ಬಹಳ ಸಿಟ್ಟಿತ್ತು. ಅತ್ತೆಗೆ ಪ್ಲಾಸ್ಟರ್ ಹಾಕಿಸಿ ಕರೆತಂದ ಸಂಜೆ ಅವರು ಗೇಟಿನ ತನಕ ನನ್ನ ಹಿಂದೆಯೇ ಬಂದರು. ಕೈಯಲ್ಲಿ ಸೀಟಿ ಇತ್ತು.

“ಅಮ್ಮನಿಗೆ ಕೊಟ್ಟುಬಿಡಿ ಸಾರ್. ನನಗೆ ಕೊಡೋಕೆ ಮುಖ ಇಲ್ಲ.”

“ಬೆಲ್ ಒಂದು ರಿಪೇರಿ ಮಾಡಿಸೋಕೆ ಇಷ್ಟು ದಿನ ಬೇಕಾ ನಿಮಗೆ?” ಎಂದೆ, ಜೋರಾಗಿಯೇ.

“ನಾನು ಕೇಳದೆ ಇರೋ ದಿನ ಇಲ್ಲ ಸಾರ್. ತಂತಿ ಹಾಕಿಸಿ, ಮಧ್ಯಾಹ್ನಕ್ಕೆ ಇನ್ನೊಬ್ಬ ಆಯಾನ ಕೊಡಿ ಅಂತ. ಸಾಹೇಬ್ರು ಬಂದು ನೋಡ್ತಾರೆ, ಬರೀತಾರೆ, ಆಗ ಮಾಲೀಕರು ಮಾಡಿಸ್ಲೇಬೇಕಾಗುತ್ತೆ ಅಂತ ಕಾಯ್ತಿದ್ದೆ. ಅವರು ‘ಅತ್ಯುತ್ತಮ’ ಅಂತ ಬರೆದು ಹೋದ್ರು. ಈಗ ಏನು ಕೇಳಿದ್ರೂ ಮಾಲೀಕರು ಗೋಡೆ ಕಡೆ ಕೈ ತೋರಿಸ್ತಾರೆ. ಆ ಸರ್ಟಿಫಿಕೇಟ್ ಇರೋ ತನಕ ನನಗೆ ಬೆಲ್ ಸಿಗಲ್ಲ ಸಾರ್.”

“ಹಾಗಾದ್ರೆ ಸೀಟಿ ಯಾಕೆ ಕಿತ್ಕೊಂಡ್ರಿ?”

“ನನಗೂ ನೌಕರಿ ಬೇಕಲ್ಲ ಸಾರ್” ಎಂದರು.

ಅಲ್ಲಿ ನನ್ನ ಸಿಟ್ಟು ಜಾಗ ಬದಲಿಸಿತು. ಈಗ ಅದು ಎಲ್ಲಿದೆ ಎಂದು ತಾವು ಊಹಿಸಬಲ್ಲಿರಿ. ಕೆಟ್ಟ ದರ್ಜೆ ಕೊಟ್ಟಿದ್ದರೆ ಆ ಹೆಂಗಸಿಗೆ ಒಂದು ಆಯುಧ ಸಿಗುತ್ತಿತ್ತು. ತಾವು ಒಳ್ಳೆಯ ಮನಸ್ಸಿನಿಂದ ಮಾಲೀಕರ ಕೈಗೆ ಗುರಾಣಿ ಕೊಟ್ಟು ಹೋದಿರಿ.

ನಾನೂ ನನ್ನ ಹೆಂಡತಿಯೂ ಅತ್ತೆಯನ್ನು ಬೇರೆ ಕಡೆಗೆ ಕರೆದೊಯ್ಯಲು ತಯಾರಾದೆವು. ಹೆಂಡತಿ ಅಂದು ಅಂಗಡಿ ಮುಚ್ಚಿ ಬಂದಿದ್ದಳು. “ಅಮ್ಮಾ, ಒಂದು ದಿನವೂ ಇಲ್ಲಿರೋದು ಬೇಡ. ನಡಿ” ಎಂದು ಬಟ್ಟೆ ಮಡಚತೊಡಗಿದಳು. ಅತ್ತೆ ಮಡಚಿದ್ದನ್ನು ಒಂದೇ ಕೈಯಲ್ಲಿ ಬಿಡಿಸಿಡುತ್ತ ಹೋದರು.

“ನಾನು ಹೋದ್ರೆ ಇವಳನ್ನ ಯಾರೇ ನೋಡ್ಕೋತಾರೆ?”

“ನೋಡ್ಕೊಳ್ಳೋದು ಇಲ್ಲಿಯವರ ಕೆಲಸ, ನಿನ್ನದಲ್ಲ.”

“ಹೌದು, ಅವರದೇ ಕೆಲಸ. ಅವರು ಮಾಡೋ ತನಕ ಇರ್ತೀನಿ. ಆಮೇಲೆ ನೋಡೋಣ.”

ಫೋನಮ್ಮ ಆ ಕಡೆಯಿಂದ, “ಹೋಗಿ ಟೀಚರ್, ನನಗೋಸ್ಕರ ಯಾಕೆ” ಎಂದರು. ಎನ್ನುತ್ತಲೇ ಅತ್ತೆಯ ಸೆರಗಿನ ತುದಿಯನ್ನು ಒಳ್ಳೆಯ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಹೆಂಡತಿ ಅದನ್ನು ನೋಡಿದಳು. ಬಟ್ಟೆ ಮಡಚುವುದನ್ನು ಬಿಟ್ಟಳು. ಬೇಕರಿಯಿಂದ ತಂದಿದ್ದ ಮೆತ್ತನೆಯ ಕೇಕನ್ನು ಹಾಲಿನಲ್ಲಿ ನೆನೆಸಿ, ಚಮಚದಲ್ಲಿ ಹಿಸುಕಿ, ಫೋನಮ್ಮನಿಗೆ ಸ್ವಲ್ಪ ಸ್ವಲ್ಪವೇ ತಿನ್ನಿಸಿದಳು.

ಮರುದಿನ ತಿರುವಿನಾಚೆಯ ಕೋಣೆಗಳವರ ಮನೆಯವರೆಲ್ಲ ಸೇರಿದೆವು. ಹೊಸ ಬಣ್ಣದ ಮೇಲೆಯೇ, ಬೇಕೆಂದೇ ದೊಡ್ಡದಾಗಿ, ಚೀಟಿ ಅಂಟಿಸಿದೆವು. ಮಾಲೀಕರು ಬಂದು ನೋಡಿ, ಗೋಡೆ ಹಾಳಾಯಿತಲ್ಲ ಎಂದು ಮುಖ ಸಿಂಡರಿಸಿದರು. ಯಾರೂ ತೆಗೆಯಲಿಲ್ಲ, ಅವರೂ ಕೀಳಲಿಲ್ಲ. ಮಧ್ಯಾಹ್ನದ ಹೊತ್ತು ನಮ್ಮಲ್ಲಿ ಯಾರಾದರೊಬ್ಬರು ಸರದಿಯ ಮೇಲೆ ಕಾರಿಡಾರಿನಲ್ಲಿ ಕೂರುತ್ತೇವೆ. ಭೇಟಿಯ ಹೊತ್ತಲ್ಲವೆಂದು ಈಗ ಯಾರೂ ತಡೆಯುವುದಿಲ್ಲ. ಆದರೆ ಇದು ಎಷ್ಟು ದಿನ? ನಮಗೂ ಪಾಳಿಗಳಿವೆ. ಮನೆಯವರೇ ಇಲ್ಲದವರ ಕೋಣೆಗಳೂ ಅಲ್ಲಿವೆ. ಅವರ ಪರವಾಗಿ ಸರದಿ ಕೂರುವ ಹೊಣೆ ಹೊತ್ತವರು ಒಬ್ಬರೇ, ಅವರಿಗೆ ಈ ಪತ್ರ ಬರೆಯುತ್ತಿದ್ದೇನೆ.

ಈಗ ಬೇಡಿಕೆ. ದಯವಿಟ್ಟು ಇನ್ನೊಮ್ಮೆ ಬನ್ನಿ. ಹೇಳದೆ ಬನ್ನಿ. ಊಟವಾಗಿ ಎಲ್ಲರೂ ತೂಕಡಿಸುವ ಮಧ್ಯಾಹ್ನದಲ್ಲಿ ಬನ್ನಿ.

ಮುಂಬಾಗಿಲಲ್ಲಿ ಯಾರ ಕೈಯನ್ನೂ ಕುಲುಕದೆ ನೇರವಾಗಿ ತಿರುವು ದಾಟಿ, ಯಾವುದಾದರೊಂದು ಕೋಣೆಯ ಹಾಸಿಗೆಯ ಮೇಲೆ ಬೂಟು ಬಿಚ್ಚಿ ಮಲಗಿ ಗಂಟೆ ಒತ್ತಿ. ಯಾರಾದರೂ ಬರುವ ತನಕ ಏಳಬೇಡಿ. ಬಾಯಾರಿದರೂ ಏಳಬೇಡಿ, ಬಾತ್‌ರೂಮಿಗೆ ಹೋಗಬೇಕೆನ್ನಿಸಿದರೂ ಏಳಬೇಡಿ, ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಹಾಗೆ ಕಾದ ಮೇಲೆ ತಮಗೆ ಯಾವ ದರ್ಜೆ ತೋಚುತ್ತದೋ ಅದನ್ನು ಬರೆಯಿರಿ, ನನ್ನ ತಕರಾರಿಲ್ಲ. ಅಲ್ಲಿಯ ತನಕ ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಹಿಂದಕ್ಕೆ ಪಡೆಯಿರಿ. ಪ್ರತಿ ಹಾಸಿಗೆಗೂ ಕೆಲಸ ಮಾಡುವ ಗಂಟೆ, ಮಧ್ಯಾಹ್ನದ ಪಾಳಿಗೆ ಸಾಕಾಗುವಷ್ಟು ಜನ, ನಿವಾಸಿಗಳ ಹತ್ತಿರ ಒಬ್ಬರೇ ಕೂತು ಮಾತಾಡುವ ತಪಾಸಣೆ, ಇವಿಷ್ಟೂ ಆಗದೆ ಅದನ್ನು ಮರಳಿ ಕೊಡಬೇಡಿ. ಮೇಲ್ವಿಚಾರಕಿಯ ಮೇಲೆ ಮಾತ್ರ ಕ್ರಮ ಕೈಗೊಂಡು ಕಡತ ಮುಗಿಸಬೇಡಿ. ಅಷ್ಟು ಸುಲಭದಲ್ಲಿ ತಾವು ಪಾರಾಗುವುದು ನಮಗೆ ಇಷ್ಟವಿಲ್ಲ.

ಪತ್ರವನ್ನು ಕಳಿಸುವ ಮೊದಲು ಅತ್ತೆಯವರಿಗೆ ಓದಿ ಹೇಳಿದೆ. ಫೋನಮ್ಮನೂ ಕೇಳಿಸಿಕೊಂಡರು. “ನಾನು ಜೀವಮಾನ ಪೂರ್ತಿ ಮಾಡಿದ್ದು ಒಂದೇ ಕೆಲಸ,” ಎಂದರು ಫೋನಮ್ಮ. “ಎಕ್ಸ್‌ಚೇಂಜ್ ಬೋರ್ಡಿನಲ್ಲಿ ದೀಪ ಹತ್ತಿದ ಕೂಡಲೇ ‘ಹೇಳಿ’ ಅನ್ನೋದು. ಆ ಕಡೆ ಯಾರಿದ್ದಾರೆ, ಅವರಿಗೆ ಏನಾಗಿದೆ, ಒಂದೂ ಗೊತ್ತಿರ್ತಿರಲಿಲ್ಲ. ಆದ್ರೂ ‘ಹೇಳಿ’ ಅಂತಿದ್ವಿ. ಅಷ್ಟನ್ನ ಕೇಳಿ ಸಾಕು.” ನಾನು ಅತ್ತೆಯತ್ತ ತಿರುಗಿದೆ. ಪತ್ರ ಉದ್ದವಾಯಿತೇ ಎಂದು ಕೇಳಿದೆ.

“ಇಲ್ಲ, ಚೆನ್ನಾಗಿದೆ,” ಎಂದರು. “ಆದ್ರೆ ಅವರಿಗೂ ಒಂದು ದಿನ ವಯಸ್ಸಾಗುತ್ತೆ ಅಂತ ಎಲ್ಲೂ ಬರೀಬೇಡಿ ಅಳಿಯಂದ್ರೇ. ಪಾಪ, ಹೆದರಿಸಿದ ಹಾಗಾಗುತ್ತೆ.”

ಅತ್ತೆಯವರ ಮಾತನ್ನು ನಾನು ಮೀರುವುದಿಲ್ಲ. ಎಲ್ಲೂ ಬರೆದಿಲ್ಲ.

ಇಂತಿ,
ಹೆಚ್ಚುಕಡಿಮೆ ತಮ್ಮದೇ ವಯಸ್ಸಿನ,
ಇನ್ನು ಕೆಲವು ವರ್ಷಗಳಲ್ಲಿ ತಮ್ಮಂತೆಯೇ ಇಂಥದೊಂದು ಕೋಣೆ ಹುಡುಕಬೇಕಾಗಿರುವ
ಒಬ್ಬ ಅಳಿಯ